ಸೈಪ್ರಸ್ಸಿಗೊಂದು ಉಡಿ

ನಮ್ಮ ಮನೆಯವರಿಗೆ ಉತ್ತರ ಅಂದರೆ ಸಾಕು, ಎಲ್ಲಿಯ ಉತ್ತರ ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಊರು ಬಾಗಲಕೋಟೆ. ನಮ್ಮ ಭಾಗದ ರಸ್ತೆ, ರೈಲು, ನೀರು ಎಲ್ಲವನ್ನೂ ಬೆಂಗಳೂರು ನುಂಗಿತು ಎಂಬ ಸಿಟ್ಟನ್ನು ಸೂಟ್‌ಕೇಸಿನಲ್ಲಿ ಮಡಿಚಿಟ್ಟುಕೊಂಡೇ ಹ್ಯೂಸ್ಟನ್ನಿಗೆ ಬಂದವರು. ಟಿವಿಯಲ್ಲಿ ಕೊರಿಯಾದ ಸುದ್ದಿ ಬಂದರೆ ಒಂದು ಗಳಿಗೆ ಉತ್ತರದ ಕಡೆಗೇ ವಾಲಿ, ಆಮೇಲೆ "ಛೇ, ಇದು ಬ್ಯಾರೆ" ಎಂದು ತಿದ್ದಿಕೊಳ್ಳುತ್ತಾರೆ. ಡಾಲಸ್ಸಿನ ಉತ್ತರಕ್ಕೆ ಪ್ರಾಸ್ಪರ್ ಎಂಬ ಊರಿನಲ್ಲಿ ಹೊಸ ಮನೆಗಳು ಎದ್ದಾಗ, ಹೋಗಿ ನೋಡುವ ಮೊದಲೇ "ಆ ಕಡಿ ಮಂದಿ ಭಾಳ ಚಲೋ" ಎಂದು ಸರ್ಟಿಫಿಕೇಟು ಕೊಟ್ಟರು. ಇಂಥ ಸಿದ್ರಾಮಪ್ಪನವರ ಕೈಗೆ ಸೈಪ್ರಸ್ ಸಿಕ್ಕಿತು.

ಸಿಕ್ಕಿದ್ದು ಡಾಲಸ್ಸಿನ ಒಂದು ಹೋಟೆಲಿನಲ್ಲಿ. ಪೈಪ್‌ಲೈನ್ ಕಂಪನಿಯಿಂದ ರಿಟೈರ್ ಆಗಿ ಮನೆಯಲ್ಲಿ ಕೂತವರಿಗೆ ಫೋನಿನಲ್ಲಿ ಒಂದು ಆಹ್ವಾನ ಬಂತು. 'ದ್ವೀಪ ರಾಷ್ಟ್ರ ಸೈಪ್ರಸ್‌ನ ರಾಜಕೀಯ ಹಾಗೂ ಆರ್ಥಿಕ ಮುನ್ನೋಟ' ಎಂಬ ಗೋಷ್ಠಿ, ಕೆಳಗೆ ಸಣ್ಣ ಅಕ್ಷರದಲ್ಲಿ 'ಊಟ ಉಚಿತ'. ಸುಳ್ಳು ಯಾಕೆ ಹೇಳಲಿ, ಊಟ ಉಚಿತ ಎಂದ ಮೇಲೆ ಹೊರಡೋಣ ಎಂದವಳು ನಾನೇ. ಆದರೂ ದಾರಿಗೆ ಇರಲಿ ಎಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಹ್ಯೂಸ್ಟನ್ ಪಕ್ಕದ ನಮ್ಮ ಕೇಟಿಯಿಂದ ಹೊರಟೆವು.

ಮುನ್ನೋಟ ಹೇಳುವವನು ಕೌಸ್ತುಭ್ ಎಂಬ ಬೆಂಗಳೂರಿನ ಹುಡುಗ. ಬಿಗಿ ಸೂಟು, ಬಾಯಿ ತುಂಬ ಅಂಕಲ್, ಆಂಟಿ. ಪರದೆಯ ಮೇಲೆ ಒಂದು ದ್ವೀಪ ತೋರಿಸಿದ. ಐವತ್ತು ವರ್ಷದ ಹಿಂದೆ ಅಲ್ಲಿ ದಂಗೆಯಾಗಿ, ಟರ್ಕಿಯ ಸೈನ್ಯ ಇಳಿದು, ದ್ವೀಪ ಎರಡು ಹೋಳಾಯಿತಂತೆ. ಗ್ರೀಕರು ದಕ್ಷಿಣಕ್ಕೆ, ತುರ್ಕರು ಉತ್ತರಕ್ಕೆ, ನಡುವೆ ವಿಶ್ವಸಂಸ್ಥೆಯ ಸೈನಿಕರು ಕಾಯುವ ಒಂದು ಪಟ್ಟಿ. ದಕ್ಷಿಣದ ಸರ್ಕಾರವನ್ನು ಜಗತ್ತು ಒಪ್ಪುತ್ತದೆ, ಉತ್ತರದ್ದನ್ನು ಟರ್ಕಿಯೊಂದೇ ಒಪ್ಪುತ್ತದೆ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ, "ಅದೆಲ್ಲಾ ಹಿಸ್ಟರಿ ಬಿಡಿ ಅಂಕಲ್, ಮುಗಿದೋಯ್ತು" ಎಂದು ಸಮುದ್ರದ ಪಕ್ಕದ ಬಿಳಿ ಮನೆಗಳ ಚಿತ್ರಕ್ಕೆ ಹಾರಿದ. ಉತ್ತರದ ಮನೆಗಳು. ಮನೆಗಳ ಹಿಂದೆ ಮುಷ್ಟಿಯಂಥ ಒಂದು ಗುಡ್ಡ.

ನಮ್ಮ ಮನೆಯವರು ಕೈ ಎತ್ತಿದರು.

"ಆ ಕಡಿ ನೀರಿನ ವ್ಯವಸ್ಥಾ ಹೆಂಗೈತಿ?"

"ಸೂಪರ್ ಅಂಕಲ್. ಟರ್ಕಿಯಿಂದ ಸಮುದ್ರದೊಳಗೇ ಪೈಪ್ ಹಾಕಿ ನಾರ್ತ್‌ಗೆ ನೀರು ತಂದಿದ್ದಾರೆ."

ಇದು ನಿಜವೇ ಅಂತೆ, ಆಮೇಲೆ ಫೋನಿನಲ್ಲಿ ನಾನೇ ಹುಡುಕಿ ನೋಡಿದೆ. ಆದರೆ ಜೀವಮಾನವಿಡೀ ಪೈಪಿನ ಕೆಲಸ ಮಾಡಿದ, ಮಹದಾಯಿ ನೀರಿಗಾಗಿ ಇಲ್ಲಿಂದಲೇ ಜಗಳವಾಡಿದ ಮನುಷ್ಯನಿಗೆ ಇದನ್ನು ಹೇಳಬಹುದೇ? ಅವರ ಕಣ್ಣಲ್ಲಿ ನೀರು ಬಂತು. "ಶಾಂತಾ, ಕೇಳಿದಿ ಇಲ್ಲೋ? ಸಮುದ್ರದಾಗ ಪೈಪ್ ಹಾಕಿ ಉತ್ತರಕ್ಕ ನೀರು ಕೊಟ್ಟಾರ! ನಮ್ಮವ್ರಿಗೆ ಒಂದು ಹಳ್ಳ ತಿರುವಾಕ ಆಗಿಲ್ಲ!"

ಹುಡುಗ ಚುರುಕು, ಗಾಳ ಬಿದ್ದ ಜಾಗ ಗೊತ್ತಾಯಿತು. "ಅಲ್ದೇ ಅಂಕಲ್, ಉತ್ತರ ಕುಬೇರನ ದಿಕ್ಕು. ದಕ್ಷಿಣ ಯಾರದ್ದು ಅಂತ ನಾನು ಹೇಳ್ಬೇಕಾ?"

ಯಮನದು ಎಂದು ನಮ್ಮ ಮನೆಯವರು ಇಡೀ ಸಭೆಗೆ ಕೇಳುವಂತೆ ಹೇಳಿದರು. ಅಲ್ಲಿಗೆ ಆರ್ಥಿಕ ಮುನ್ನೋಟ ಮುಗಿಯಿತು. ಊಟಕ್ಕೆ ಒಣಗಿದ ಸ್ಯಾಂಡ್‌ವಿಚ್ ಕೊಟ್ಟರು. ನಾನು ಕಾರಿನಲ್ಲಿ ಕೂತು ರೊಟ್ಟಿ ತಿಂದೆ.

ಮುಂದಿನ ವಾರ, ಇದನ್ನು ಮಾರಿ ಸೈಪ್ರಸ್ಸಿನ ಉತ್ತರದಲ್ಲಿ ಮನೆ ಕೊಳ್ಳುವುದೆಂದು, ನಮ್ಮ ಮನೆಯ ಹುಲ್ಲಿನ ಮೇಲೆ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ನಿಂತಿತು. ತರಕಾರಿ ತಂದು ಕಾರಿನಿಂದ ಇಳಿದವಳು ಅದನ್ನು ಎರಡು ಸಲ ಓದಿದೆ. ಈ ಮನೆಯನ್ನು ನಾನು ಎಷ್ಟು ಹಚ್ಚಿಕೊಂಡಿದ್ದೇನೆ ಎಂದು ಆ ಬೋರ್ಡು ನೋಡುವ ತನಕ ನನಗೇ ಗೊತ್ತಿರಲಿಲ್ಲ. ನಮ್ಮ ಮಗಳು ಪ್ರೇರಣಾ ಬೆಳೆದದ್ದು ಇಲ್ಲಿ, ಅವಳಿಗೆ ಅರಿಷಿಣ ಹಚ್ಚಿದ್ದು ಈ ಹಿತ್ತಿಲಲ್ಲಿ. ಹಾರ್ವೆ ಬಿರುಗಾಳಿಯ ನೀರು ಮೆಟ್ಟಿಲ ತನಕ ಬಂದಾಗ ಗಂಡಹೆಂಡತಿ ಇಬ್ಬರೇ ಅಕ್ಕಿ ಮೂಟೆ, ಲಿಂಗದ ಕರಡಿಗೆ, ಟಿವಿ ಎಲ್ಲ ಮಹಡಿಗೆ ಹೊತ್ತಿದ್ದೆವು. ಆಗಲೂ ಅವರು ನಗುತ್ತಲೇ ಇದ್ದರು. "ಮುಳುಗೂದು ನಮಗೇನು ಹೊಸಾದಲ್ಲ" ಎಂದು.

ಅದು ಅವರ ಹಳೆಯ ಮಾತು. ಬಾಗಲಕೋಟೆಯ ಅವರ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅದರ ಬಗ್ಗೆ ಅವರು ಎಲ್ಲ ಪಾರ್ಟಿಯಲ್ಲೂ ಹೇಳುವ ಒಂದು ಕಥೆಯಿದೆ. ನಮ್ಮ ಅತ್ತೆ ಸುಮಿತ್ರವ್ವನಿಗೆ ಒಂದು ನೇಮವಿತ್ತು. ಮನೆ ಕೊಂಡವರು, ಮನೆ ಬಿಟ್ಟು ಹೋಗುವ ಹೆಣ್ಣುಮಗಳ ಉಡಿ ತುಂಬಬೇಕು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಷಿಣದ ಬೇರು, ಒಂದು ಕುಪ್ಪಸದ ಖಣ ಹಾಕಿ ಕಳಿಸಬೇಕು. ಇಲ್ಲದಿದ್ದರೆ ಅವಳ ಜೀವ ಆ ಮನೆಯಲ್ಲೇ ಉಳಿದುಬಿಡುತ್ತದೆ. ಮುಳುಗಡೆಯ ಅಧಿಕಾರಿ ಟೇಪು ಹಿಡಿದು ಮನೆ ಅಳೆಯಲು ಬಂದಾಗ ಅತ್ತೆ ಬಾಗಿಲಲ್ಲಿ ನಿಂತು, "ಮನಿ ಸರಕಾರ ತಗೊಳ್ಳಾಕತ್ತೈತಿ ಅಂದ್ರ, ಸರಕಾರದ ಹೇಣ್ತೀನ್ನ ಕರಕೊಂಡು ಬಾ, ನನ್ನ ಉಡಿ ತುಂಬಲಿ" ಎಂದರಂತೆ. ಅಧಿಕಾರಿ ಟೇಪು ಅಲ್ಲೇ ಬಿಟ್ಟು ಓಡಿದನಂತೆ. ನಮ್ಮ ಮನೆಯವರು ಅಧಿಕಾರಿ ಓಡುವುದನ್ನು ಮಾಡಿ ತೋರಿಸಿದರೆ ಜನ ಹೊಟ್ಟೆ ಹಿಡಿದು ನಗುತ್ತಾರೆ.

ಬೋರ್ಡು ತೆಗೆಸಲು ನಾನು ಏನೆಲ್ಲ ಮಾಡಿದೆ! ಕಣ್ಣೀರು ಹಾಕಿದೆ, ಮಾತು ಬಿಟ್ಟೆ, ಸಾರಿಗೆ ಉಪ್ಪು ಹಾಕುವುದು ಬಿಟ್ಟೆ. ಅವರು ಆ ಸಾರನ್ನು "ಬಿಪಿಗೆ ಚಲೋ" ಎಂದು ಉಂಡರು. ಆಸ್ಟಿನ್ನಿನಲ್ಲಿರುವ ಪ್ರೇರಣಾಗೆ ಫೋನ್ ಮಾಡಿದರೆ, "ಅಮ್ಮಾ, ಇಟ್ಸ್ ಎ ಫೇಸ್" ಎಂದಳು. ಕೊನೆಗೆ ಕ್ಲಿಯರ್ ಲೇಕ್ ಬಡಾವಣೆಯ ನಂಜುಂಡಸ್ವಾಮಿಯವರನ್ನು ಊಟಕ್ಕೆ ಕರೆದೆ. ಮೈಸೂರಿನವರು, ಓದಿಕೊಂಡವರು, ತಿಳಿಹೇಳಲಿ ಎಂದು. ಅದು ನಾನು ಮಾಡಿದ ದೊಡ್ಡ ತಪ್ಪು. ಅವರು ಬರುವಾಗಲೇ ದಕ್ಷಿಣದ ವಕೀಲರಾಗಿ ಬಂದಿದ್ದರು.

"ನೋಡಿ ಸಿದ್ರಾಮಪ್ಪನವ್ರೇ, ದಕ್ಷಿಣ ಯುರೋಪಿಯನ್ ಯೂನಿಯನ್ ಸೇರಿದೆ. ಯೂರೋ ಇದೆ. ನಿಮ್ಮ ಉತ್ತರಕ್ಕೆ ಒಂದು ನೇರ ವಿಮಾನನೂ ಇಲ್ವಲ್ಲಾ, ಟರ್ಕಿ ಮೇಲೇ ಹೋಗ್ಬೇಕು."

"ಹುಬ್ಬಳ್ಳಿಗೂ ಇರ್ಲಿಲ್ರಿ. ಈಗ ಆಗಿಲ್ಲೇನು?"

"ಅಲ್ಲಿ ಟರ್ಕಿ ದುಡ್ಡು ಲಿರಾ ನಡೆಯೋದು. ಬೆಳಿಗ್ಗೆ ಇದ್ದ ಕಾಫಿ ರೇಟು ಸಂಜೆಗಿರಲ್ಲ."

"ಹಂಗಾರ ಬೆಳಿಗ್ಗೇನ ಕುಡೀತೀನಿ. ನಿಮಗೇನು ತ್ರಾಸು?"

"ನಾನು ಹೇಳೋದು ಅಭಿವೃದ್ಧಿ ಬಗ್ಗೆ..."

"ಅಭಿವೃದ್ಧಿ ಎಲ್ಲಾ ನಿಮ್ಮ ಕಡೇನ ಮಾಡ್ಕೊಂಡ್ರಿ, ಈಗ ನಮಗ ಬುದ್ಧಿ ಹೇಳಾಕ ಬಂದೀರಿ!"

ಇಬ್ಬರೂ ಸೈಪ್ರಸ್ಸಿಗೆ ಕಾಲಿಟ್ಟವರಲ್ಲ. ಆದರೂ ಎಣಗಾಯಿ ಪಲ್ಯ ಆರುವ ತನಕ ಆ ದ್ವೀಪವನ್ನು ಎಳೆದಾಡಿದರು. ನಂಜುಂಡಸ್ವಾಮಿಯವರು ಮೊಸರನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು, ಅವರ ಹೆಂಡತಿ ಇಂದುಮತಿ ನನ್ನ ಕೈ ಹಿಡಿದು ಸಾರಿ ಕೇಳಿಕೊಂಡು ಹೋದಳು. ಅವತ್ತು ಸಂಜೆಯೇ ನಮ್ಮವರು ಕೌಸ್ತುಭನಿಗೆ ಫೋನ್ ಮಾಡಿ, ಶನಿವಾರ ಬಂದು ಸಹಿ ಮಾಡಿಸಿಕೋ ಎಂದರು. ದಕ್ಷಿಣದವರ ಎದುರು ಸೋಲುವುದುಂಟೇ?

ಅಡುಗೆಮನೆಯಲ್ಲಿ ನಿಂತು ಪಾತ್ರೆ ತೊಳೆಯುತ್ತಿದ್ದಾಗ ನನಗೆ ಅತ್ತೆ ನೆನಪಾದರು. ಕೈ ಒರೆಸಿಕೊಂಡು ಹೊರಗೆ ಬಂದೆ.

"ಆತ್ರಿ. ನಾ ಬರ್ತೀನಿ ನಿಮ್ಮ ಸೈಪ್ರಸ್ಸಿಗೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹೆಂಡತಿ ಒಪ್ಪಿದಾಗ ಗಂಡಸರಿಗೆ ಮೊದಲು ಆಗುವುದು ಹೆದರಿಕೆ.

"ಆದ್ರ ಅತ್ತಿ ಪದ್ಧತಿ ಬಿಡಾಂಗಿಲ್ಲ. ಆ ಜಾಗಾ ಮೊದಲು ಯಾರದಿತ್ತೋ, ಆ ಹೆಣ್ಣುಮಗಳ ಉಡಿ ತುಂಬಿದ ಮ್ಯಾಲೇ ನಾ ಒಳಗ ಕಾಲಿಡಾಕಿ."

"ಅಷ್ಟ ಏನು? ಇಷ್ಟಕ್ಕ ಉಪ್ಪಿಲ್ಲದ ಸಾರು ಉಣಿಸಿದಿ?" ಎಂದು ನಗುತ್ತ ಅಲ್ಲೇ ಫೋನ್ ತೆಗೆದರು. ಸ್ಪೀಕರಿಗೆ ಹಾಕಿದರು.

"ತಮ್ಮಾ ಕೌಸ್ತುಭ್, ಆ ಜಾಗಾ ಯಾರದು?"

"ಕಂಪನೀದು ಅಂಕಲ್."

"ಕಂಪನಿಗೆ ಉಡಿ ಎಲ್ಲೈತಿ? ಕಂಪನಿಗೆ ಯಾರು ಕೊಟ್ರು?"

"ಅಲ್ಲಿ ಗೌರ್ಮೆಂಟ್ ಕೊಟ್ಟಿದ್ದು ಅಂತ ಇಟ್ಕೊಳ್ಳಿ."

"ಗೌರ್ಮೆಂಟಿಗೆ ಯಾರು ಕೊಟ್ರು?"

"ಅಂಕಲ್, ವಾಯ್ಸ್ ಬ್ರೇಕ್ ಆಗ್ತಿದೆ" ಎಂದು ಕರೆ ಕಟ್ಟಾಯಿತು.

ನಮ್ಮವರಿಗೆ ಇನ್ನೂ ಅನುಮಾನವಿಲ್ಲ. "ಹುಡುಗ ಗಡಿಬಿಡ್ಯಾಗ ಅದಾನ" ಎಂದರು. ನಾನು ಹಠ ಸಾಧಿಸುತ್ತಿದ್ದೇನೆ ಎಂದು ಅವರಿಗೂ ಗೊತ್ತು, ಆದರೆ ಅವ್ವನ ಪದ್ಧತಿ ಎಂದ ಮೇಲೆ ಇಲ್ಲ ಎನ್ನುವುದು ಅವರಿಂದ ಆಗದು. ಶನಿವಾರದ ಹೊತ್ತಿಗೆ ತಾವೇ ಇಂಡಿಯನ್ ಅಂಗಡಿಗೆ ಹೋಗಿ ಕೊಬ್ಬರಿ ಬಟ್ಟಲು, ಉತ್ತತ್ತಿ ತಂದರು. ನಾನು ಪೆಟ್ಟಿಗೆಯಿಂದ ಗುಳೇದಗುಡ್ಡದ ಖಣ ತೆಗೆದಿಟ್ಟೆ.

ಕೌಸ್ತುಭ್ ಬಂದದ್ದು ತಯಾರಾಗಿಯೇ. ಊಟದ ಮೇಜಿನ ಮೇಲೆ ಬಣ್ಣದ ಪುಸ್ತಕ ಹರಡಿ, ಟ್ಯಾಬ್ಲೆಟ್ ನಿಲ್ಲಿಸಿ, "ಆಂಟಿ, ನೀವು ಕೇಳಿದ್ದಕ್ಕೆ ಅರೇಂಜ್ ಮಾಡಿದೀನಿ. ಆ ಜಾಗದ ಮೊದಲಿನ ಓನರ್ ಲೇಡಿ ಲೈನಲ್ಲಿದ್ದಾರೆ" ಎಂದ. ಪರದೆಯ ಮೇಲೆ ಇಪ್ಪತ್ತೈದರ ಒಬ್ಬ ಹುಡುಗಿ. ಅವಳ ಹಿಂದೆ ಕಂಪನಿಯ ಬೋರ್ಡು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ಕೈ ಮುಗಿದು "ನಮಸ್ತೇ ಜೀ" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಮುಂದೆ ಬಾಗಿ ಇಂಗ್ಲಿಷಿನಲ್ಲಿ ಕೇಳಿದರು. ಎಷ್ಟಾದರೂ ಹೊಲಮನೆಯಿಂದ ಬಂದವರು. "ಈ ಜಾಗದಲ್ಲಿ ನೀವು ಮೊದಲು ಏನು ಬೆಳೀತಿದ್ರಿ, ಮಗಳೇ?"

ಹುಡುಗಿ ಪಕ್ಕಕ್ಕೆ ತಿರುಗಿ ಯಾರನ್ನೋ ನೋಡಿ, ಮತ್ತೆ ನಮ್ಮ ಕಡೆ ತಿರುಗಿ, "ಸ್ವಿಮ್ಮಿಂಗ್ ಪೂಲ್, ಸರ್" ಎಂದಳು.

ನನಗೆ ನಗು ತಡೆಯಲಿಲ್ಲ. ನಮ್ಮವರು ನಗಲಿಲ್ಲ. ಟ್ಯಾಬ್ಲೆಟ್ಟನ್ನು ಮೆಲ್ಲಗೆ ಬೋರಲು ಹಾಕಿದರು.

ಅಷ್ಟರಲ್ಲಿ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಆಂದ್ರುಲಾ. ಏಪ್ರನ್ ಕಟ್ಟಿಕೊಂಡೇ, ಬುಟ್ಟಿಯಲ್ಲಿ ನಿಂಬೆಹಣ್ಣು ಹಿಡಿದು ಬಂದಿದ್ದಳು. ಅವಳ ನಿಂಬೆಗೆ ನನ್ನ ಕರಿಬೇವು, ಇದು ನಮ್ಮ ಬೇಲಿಯ ಲೆಕ್ಕ. ಚಳಿಗಾಲದಲ್ಲಿ ಹಿಮ ಬೀಳುತ್ತದೆ ಎಂದಾಗ ಇಬ್ಬರೂ ಸೇರಿ ಎರಡೂ ಗಿಡಕ್ಕೆ ಹಳೆಯ ದುಪ್ಪಟಿ ಹೊದಿಸುತ್ತೇವೆ. ಬೀದಿಯವರೆಲ್ಲ ಅವಳನ್ನು ಗ್ರೀಕ್ ಎನ್ನುತ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಗ್ರೀಕರಲ್ಲೂ ಬಾಗಲಕೋಟೆ, ಮೈಸೂರು ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಬುಟ್ಟಿ ಇಡಲು ಮೇಜಿನಲ್ಲಿ ಜಾಗ ಹುಡುಕಿದವಳ ಕಣ್ಣು ಆ ಪುಸ್ತಕದ ಮೇಲೆ ಬಿತ್ತು. ಬಿಳಿ ಮನೆಗಳ ಮೇಲಲ್ಲ, ಹಿಂದಿನ ಗುಡ್ಡದ ಮೇಲೆ. ಬೆರಳಿನಿಂದ ಗುಡ್ಡದ ತುದಿಗಳನ್ನು ಒಂದೊಂದಾಗಿ ಮುಟ್ಟಿದಳು.

"ಪೆಂಟಾಡಾಕ್ಟಿಲೋಸ್," ಎಂದಳು. "ಐದು ಬೆರಳಿನ ಗುಡ್ಡ. ಇದು ನಿಮ್ಮ ಮನೆಗೆ ಹೇಗೆ ಬಂತು?"

ಮನೆ ಕೊಳ್ಳುವ ಸುದ್ದಿಯನ್ನು ನಾನು ಎರಡು ಮಾತಿನಲ್ಲಿ ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ಮನಸ್ಸಿನಲ್ಲಿ ಉಳಿದಿರುವುದು ಕನ್ನಡದಲ್ಲಿ. ಆ ಗುಡ್ಡದ ಬುಡದಲ್ಲಿ ಅವರ ನಿಂಬೆ ತೋಟವಿತ್ತು. ಸೈನ್ಯ ಬಂದಾಗ ಅವಳಿಗೆ ಹನ್ನೊಂದೋ ಹನ್ನೆರಡೋ. ವಾರದೊಳಗೆ ವಾಪಸು ಬರುತ್ತೇವೆ ಎಂದುಕೊಂಡು ಅವಳ ತಾಯಿ ಕೋಳಿಗಳಿಗೆ ಕಾಳು ಸ್ವಲ್ಪ ಹೆಚ್ಚಿಗೆ ಹಾಕಿ ಹೊರಟಳು. ಆ ವಾರ ಮುಗಿಯಲೇ ಇಲ್ಲ. ದಕ್ಷಿಣದಲ್ಲಿ ಡೇರೆ, ಆಮೇಲೆ ಬಾಡಿಗೆ ಮನೆ, ಆಮೇಲೆ ಮದುವೆಯಾಗಿ ಹ್ಯೂಸ್ಟನ್. ಎಷ್ಟೋ ವರ್ಷದ ಮೇಲೆ ಗಡಿಯ ಗೇಟು ತೆರೆದಾಗ ಹೋಗಿ ತನ್ನ ಮನೆಯ ಬಾಗಿಲು ತಾನೇ ತಟ್ಟಿದಳಂತೆ. ಬಾಗಿಲು ತೆರೆದವಳು ಫಾತ್ಮಾ ಎಂಬ ತುರ್ಕಿ ಹೆಂಗಸು.

"ಜಗಳಾಡಿದ್ಯಾ?" ಎಂದು ಕೇಳಿದೆ. ನಾನಾಗಿದ್ದರೆ ಆಡುತ್ತಿದ್ದೆ.

"ಆಡಬೇಕೆಂದೇ ಹೋಗಿದ್ದೆ," ಎಂದಳು. "ಅವಳು ನನ್ನ ಕೈ ಹಿಡಿದುಕೊಂಡು, ನೀನು ದಕ್ಷಿಣದಿಂದ ಬಂದೆಯಾ, ನಮ್ಮ ಊರಿನ ಹಿಪ್ಪುನೇರಳೆ ಮರ ಇನ್ನೂ ಇದೆಯಾ ಎಂದು ಕೇಳಿದಳು. ಅವಳ ಮನೆ ದಕ್ಷಿಣದಲ್ಲಿ ಉಳಿದಿತ್ತು. ಅವಳನ್ನೂ ಓಡಿಸಿದ್ದರು. ನಾನು ಅವಳ ಊರಿಗೆ ಹೋಗಿ ಮರದ ಫೋಟೋ ತೆಗೆದು ಕಳಿಸಿದೆ. ಅವಳು ಪ್ರತಿ ವರ್ಷ ನನ್ನ ತೋಟದ ನಿಂಬೆಹಣ್ಣು ಕಳಿಸುತ್ತಿದ್ದಳು, ತೋಟ, ಮನೆ ಕೆಡವಲು ಬುಲ್ಡೋಜರ್ ಬರುವ ತನಕ."

ನಾನು ಪುಸ್ತಕದ ಕಡೆ ಕೈ ತೋರಿಸಿದೆ. "ಇದೇ ಜಾಗವಾ?"

"ಗೊತ್ತಿಲ್ಲ. ಆ ಗುಡ್ಡದ ಕೆಳಗೆ ಈಗ ಎಲ್ಲ ಜಾಗವೂ ಹೀಗೇ ಕಾಣುತ್ತದೆ."

ಕೌಸ್ತುಭ್ ಗಂಟಲು ಸರಿಮಾಡಿಕೊಂಡ. "ಅಂಕಲ್, ಇದೆಲ್ಲಾ ಹಳೇ ವಿಷಯ. ಫ್ಯೂಚರ್ ನೋಡ್ಬೇಕು ನಾವು."

"ತಮ್ಮಾ, ಬೆಂಗಳೂರಾಗ ನಿಮ್ಮ ಮನಿ ಐತಿ?"

"ಇದೆ ಅಂಕಲ್. ಅಪ್ಪ ಅಮ್ಮ ಅಲ್ಲೇ ಇದ್ದಾರೆ."

"ನಮ್ಮದು ನೀರಾಗ ಐತಿ," ಎಂದರು ನಮ್ಮವರು. ಅದನ್ನು ನಗದೆ ಹೇಳಿದ್ದು ಅದೇ ಮೊದಲು. ಪುಸ್ತಕ ಮಡಿಚಿ ಹುಡುಗನ ಕೈಗೆ ಕೊಟ್ಟರು. ಅವನ ಮುಖ ಸಣ್ಣಗಾಯಿತು. ಊಟದ ಹೊತ್ತು, ಹಾಗೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ರೊಟ್ಟಿ, ಪಲ್ಯ ಬಡಿಸಿ ಡಾಲಸ್ಸಿನ ಸ್ಯಾಂಡ್‌ವಿಚ್ಚಿನ ಋಣ ತೀರಿಸಿದೆ. ಪಾಪ, ಮೂರು ರೊಟ್ಟಿ ತಿಂದ.

ನಮ್ಮವರು ದೇವರ ಮನೆಯಿಂದ ತಟ್ಟೆ ತಂದು ನನ್ನ ಮುಂದೆ ಇಟ್ಟರು. ಆಂದ್ರುಲಾಳಿಗೆ ಏಪ್ರನ್ ಎರಡೂ ಕೈಯಲ್ಲಿ ಹಿಡಿದು ಒಡ್ಡಲು ಹೇಳಿದೆ. ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಷಿಣದ ಬೇರು, ಮೇಲೆ ಖಣ. ಯಾಕೆ ಎಂದು ಕೇಳಿದಳು. ನಮ್ಮವರು ಅವಳಿಗೆ ಸುಮಿತ್ರವ್ವನ ಕಥೆ ಹೇಳಿದರು. ಅಧಿಕಾರಿ ಓಡಿದ್ದನ್ನು ಮಾಡಿಯೂ ತೋರಿಸಿದರು. ಸರ್ಕಾರದ ಹೆಂಡತಿ ಎಂಬ ಮಾತಿಗೆ ಆಂದ್ರುಲಾ ಅಕ್ಕಿ ಚೆಲ್ಲುವಷ್ಟು ನಕ್ಕಳು. ಕಥೆ ಯಾವಾಗಲೂ ಅಲ್ಲಿಗೇ ಮುಗಿಯುವುದು. ಅವತ್ತು ಮುಗಿಯಲಿಲ್ಲ.

"ಅಂವ ಓಡಿಹೋದ ಮ್ಯಾಲೆ," ಎಂದು ಅವರು ಇಂಗ್ಲಿಷ್ ಬಿಟ್ಟು ನನಗೇ ಹೇಳಿದರು, "ಅವ್ವ ಸೆರಗು ಒಡ್ಡಿಕೊಂಡು ಹೊಸ್ತಿಲ ಮ್ಯಾಲೆ ಸಂಜೀತನಕ ಕುಂತಿದ್ಲು. ಖರೇನ ಯಾರರ ಬರ್ತಾರಂತ ತಿಳಕೊಂಡಿದ್ಲು."

ಇಷ್ಟು ವರ್ಷ ಆ ಕಥೆಗೆ ನಾನೂ ನಕ್ಕಿದ್ದೆ. ನನಗೆ ಅಳು ಬಂತು. ಆಂದ್ರುಲಾಳಿಗೆ ಮಾತು ತಿಳಿಯದಿದ್ದರೂ ಏಪ್ರನ್ನನ್ನು ಎದೆಗೆ ಒತ್ತಿಕೊಂಡು ನಿಂತಳು.

ಮರುದಿನ ಅವರೇ ಬೋರ್ಡು ಕಿತ್ತು ಗ್ಯಾರೇಜಿಗೆ ಒಗೆದರು. ನಂಜುಂಡಸ್ವಾಮಿಯವರಿಗೆ ಸುದ್ದಿ ಹೇಗೋ ಮುಟ್ಟಿತು. ಫೋನ್ ಮಾಡಿ, "ಏನ್ ಸಿದ್ರಾಮಪ್ಪನವ್ರೇ, ಕೊನೆಗೂ ದಕ್ಷಿಣನೇ ಗೆದ್ದಿತಲ್ಲಾ!" ಎಂದರು.

"ಯಾರೂ ಗೆದ್ದಿಲ್ರಿ," ಎಂದರು ನಮ್ಮವರು. "ಒಂದು ಮನಿ, ಅದನ್ನ ಕಳಕೊಂಡ ಇಬ್ಬರು ಹೆಣ್ಮಕ್ಕಳು. ಬರ್ರಿ ಊಟಕ್ಕ, ಮೊಸರನ್ನ ಹಂಗ ಬಿಟ್ಟು ಹೋಗೀರಿ."

ಹಾಗೆಂದು ಮನುಷ್ಯ ಪೂರ್ತಿ ಬದಲಾದರು ಎಂದು ತಿಳಿಯಬೇಡಿ. ಮೊನ್ನೆ ಕಾಫಿ ಕುಡಿಯುತ್ತ, ಐರ್ಲೆಂಡಿನಲ್ಲೂ ಒಂದು ಉತ್ತರ ಇದೆಯಂತೆ, ಮಳೆ ಭಾಳ ಚಲೋ ಅಂತೆ ಎಂದು ತಾವಾಗಿ ಮಾತು ತೆಗೆದರು. ನಾನು ಉಪ್ಪಿನ ಡಬ್ಬಿ ಎತ್ತಿ ತೋರಿಸಿದೆ, ಲೋಟ ಹಿಡಿದು ಹಿತ್ತಿಲಿಗೆ ಎದ್ದು ಹೋದರು.

ಬೇಸಿಗೆಯಲ್ಲಿ ಆಂದ್ರುಲಾ ಸೈಪ್ರಸ್ಸಿಗೆ ಹೊರಟಿದ್ದಾಳೆ. ಫಾತ್ಮಾ ಈಗ ಮಗನ ಫ್ಲ್ಯಾಟಿನಲ್ಲಿ ಇದ್ದಾಳಂತೆ, ಅವಳಿಗೂ ನಾವು ಕಳಿಸುವ ಉಡಿಯನ್ನು ಗಡಿಯ ಗೇಟು ದಾಟಿಸಿ ಮುಟ್ಟಿಸುವುದು ಆಂದ್ರುಲಾಳ ಜವಾಬ್ದಾರಿ. ಅರಿಷಿಣದ ಬೇರನ್ನು ಗೇಟಿನವರು ಬಿಡುತ್ತಾರೋ ಇಲ್ಲವೋ ಎಂದು ನಮ್ಮವರಿಗೆ ಈಗ ಅದೊಂದೇ ಚಿಂತೆ. ದ್ವೀಪದ ಮುನ್ನೋಟವೆಲ್ಲ ಆ ಬೇರಿನ ಮೇಲೆ ನಿಂತಿರುವಂತೆ ದಿನಾ ಕೇಳುತ್ತಾರೆ.

ನಿನ್ನೆ ಆ ಉಡಿಯನ್ನು ಕಟ್ಟಿಕೊಡಲು ಕೂತೆ. ಪೆಟ್ಟಿಗೆಯಿಂದ ಒಂದು ಖಣ ತರಲು ಹೇಳಿದರೆ ಅವರು ಎರಡು ತಂದರು. ಇನ್ನೊಂದು ಹಸಿರು ಅಂಚಿನದು, ತೀರಿಹೋದ ನಮ್ಮ ಅತ್ತೆಗೆ ಮೆಚ್ಚಾಗಿದ್ದ ಬಣ್ಣ.

"ಇದು ಯಾರಿಗ್ರಿ?" ಎಂದೆ.

ಅವರು ಅದರ ಮೇಲೆ ಒಂದು ಕೊಬ್ಬರಿ ಬಟ್ಟಲು ಇಟ್ಟರು, ಅಕ್ಕಿ ಹಾಕಿದರು.

"ಡಿಸೆಂಬರಿನಾಗ ಬಾಗಲಕೋಟಿಗೆ ಹೋಗೂಣು ಶಾಂತಾ," ಎಂದರು. "ಹಿನ್ನೀರಿಗೆ ಬಿಟ್ಟು ಬರೂಣು."